ಧ್ವಜವೂ ಲಾಂಛನವೂ: ಮಧ್ಯಯುಗದ ಕರ್ನಾಟಕ ರಾಜವಂಶಗಳ ಚಿಹ್ನೆಗಳ ವಿಚಾರ

೧

ಕರ್ನಾಟಕದ ಶಾಸನಗಳಲ್ಲಿ ಅರಸನ ಹೆಸರು ಬರುವುದಕ್ಕೆ ಮೊದಲು ಬಿರುದುಗಳ ದೊಡ್ಡದೊಂದು ಮೆರವಣಿಗೆಯೇ ಸಾಗುತ್ತದೆ. ಸಮಧಿಗತಪಂಚಮಹಾಶಬ್ದನೆಂದು ಮೊದಲಾಗಿ, ಇಂತಹ ಪುರವರಕ್ಕೆ ಅಧೀಶ್ವರನು, ಇಂತಹ ದೇವತೆಯ ವರಪ್ರಸಾದವನ್ನು ಪಡೆದವನು, ಇಂತಹ ವಾದ್ಯದ ನಿರ್ಘೋಷವುಳ್ಳವನು, ಇಂತಹ ಧ್ವಜವುಳ್ಳವನು, ಇಂತಹ ಲಾಂಛನವುಳ್ಳವನು ಎಂದು ಪ್ರಶಸ್ತಿಯು ಮುಂದುವರಿಯುತ್ತದೆ. ಓದುವವರು ಸಾಮಾನ್ಯವಾಗಿ ಈ ಭಾಗವನ್ನು ಅತಿಶಯೋಕ್ತಿಯ ರಾಶಿಯೆಂದು ಬಗೆದು, ದಾನದ ವಿವರಕ್ಕೂ ತಿಥಿವಾರಗಳಿಗೂ ನೇರವಾಗಿ ಹೋಗುವುದುಂಟು. ಆದರೆ ಪ್ರಶಸ್ತಿಯ ಈ ಮಾತುಗಳು ಕವಿಯ ಇಚ್ಛೆಯಂತೆ ಬದಲಾಗತಕ್ಕವುಗಳಲ್ಲ. ಒಂದು ವಂಶದ ಶಾಸನಗಳಲ್ಲಿ ಅವು ತಲೆಮಾರುಗಳವರೆಗೆ ಒಂದೇ ರೀತಿಯಲ್ಲಿ ಬರುತ್ತವೆ. ಬೇರೆ ವಂಶಕ್ಕೆ ಬೇರೆಯಾಗಿರುತ್ತವೆ. ಆದುದರಿಂದ ಅವು ಸ್ತುತಿಗಳಲ್ಲ, ಹಕ್ಕುಗಳು.

ಈ ಹಕ್ಕುಗಳಲ್ಲಿ ಧ್ವಜ, ಲಾಂಛನ ಎಂಬ ಎರಡನ್ನು ಒಂದೇ ವಸ್ತುವಿನ ಎರಡು ಹೆಸರುಗಳೆಂದು ತಿಳಿಯುವ ರೂಢಿಯು ಬಹಳ ಕಾಲದಿಂದ ಬೆಳೆದುಬಂದಿದೆ. ಕದಂಬರ ಗುರುತು ಯಾವುದು ಎಂದು ಕೇಳಿದರೆ ಒಬ್ಬರು ಸಿಂಹವೆನ್ನುತ್ತಾರೆ, ಮತ್ತೊಬ್ಬರು ವಾನರವೆನ್ನುತ್ತಾರೆ. ಒಬ್ಬರ ಮಾತು ತಪ್ಪಾಗಿರಬೇಕೆಂದು ಇಬ್ಬರೂ ವಾದಿಸುತ್ತಾರೆ. ವಾಸ್ತವದಲ್ಲಿ ಇಬ್ಬರ ಮಾತೂ ಸರಿಯೇ. ಹಾನಗಲ್ಲಿನ ಮತ್ತು ಗೋವೆಯ ಕದಂಬರ ಪ್ರಶಸ್ತಿಗಳು ಶಾಖಾಚರೇಂದ್ರಧ್ವಜವನ್ನೂ ಸಿಂಹಲಾಂಛನವನ್ನೂ ಜೊತೆಯಾಗಿಯೇ ಹೇಳುತ್ತವೆ. ವಾನರವು ಧ್ವಜದಲ್ಲಿ, ಸಿಂಹವು ಲಾಂಛನದಲ್ಲಿ. ಕನ್ನಡ ನಾಡಿನ ರಾಜವಂಶಗಳ ಚರಿತ್ರೆಯನ್ನು ೧೮೮೨ರಲ್ಲಿಯೂ, ಹೆಚ್ಚು ವಿಸ್ತಾರವಾಗಿ ೧೮೯೬ರಲ್ಲಿಯೂ ಬರೆದು ಪ್ರಕಟಿಸಿದ ಫ್ಲೀಟ್ ಸಾಹೇಬರು ಈ ಭೇದವನ್ನು ಗುರುತಿಸಿದ್ದರು. ಹೀಗಿದ್ದರೂ ಅದು ಸಾಮಾನ್ಯ ತಿಳಿವಳಿಕೆಯಲ್ಲಿ ನೆಲೆನಿಂತಿಲ್ಲವಾದ ಕಾರಣ, ಈ ಎರಡು ಚಿಹ್ನೆಗಳ ಸ್ವರೂಪವನ್ನೂ ಪ್ರಯೋಜನವನ್ನೂ ಬೇರೆಬೇರೆಯಾಗಿ ವಿವೇಚಿಸುವುದು ಉಚಿತವಾಗಿದೆ.

೨

ಮೊದಲು ಶಬ್ದಗಳ ವಿಚಾರ. ಲಾಂಛನ ಶಬ್ದವು ಗುರುತು ಮಾಡುವುದೆಂಬ ಅರ್ಥದ 'ಲಾಛಿ' ಧಾತುವಿನಿಂದ ಬಂದುದು. ಧ್ವಜ ಶಬ್ದಕ್ಕೆ ಮೂಲವಾದ ಧಾತುವಿಗೆ ಚಲಿಸುವುದೆಂದು ಅರ್ಥ. ಅಮರಸಿಂಹನು ಇವೆರಡನ್ನು ಒಂದೆಡೆಯಲ್ಲಿ ಇಟ್ಟಿಲ್ಲವೆಂಬುದು ಗಮನಾರ್ಹವಾಗಿದೆ. ಪತಾಕಾ, ವೈಜಯಂತೀ, ಕೇತನ, ಧ್ವಜ ಎಂಬ ಪದಗಳು ಅಮರಕೋಶದ ಕ್ಷತ್ರಿಯವರ್ಗದಲ್ಲಿ, ಸೇನೆ ಆಯುಧಗಳ ನಡುವೆ ಬರುತ್ತವೆ. ಲಾಂಛನವಾದರೋ ಕಲಂಕ, ಅಂಕ, ಚಿಹ್ನ, ಲಕ್ಷ್ಮ ಮುಂತಾದ ಪದಗಳೊಡನೆ ದಿಗ್ವರ್ಗದಲ್ಲಿ, ಚಂದ್ರನ ಪ್ರಸ್ತಾವದಲ್ಲಿ ಬರುತ್ತದೆ. ಚಂದ್ರಬಿಂಬದ ಮೇಲಣ ಕಲೆಯು ಹೇಗೆ ಅದನ್ನು ಬಿಟ್ಟು ಹೋಗುವುದಿಲ್ಲವೋ ಹಾಗೆ ಲಾಂಛನವು ವಸ್ತುವಿನ ಮೇಲೆ ಅಚ್ಚೊತ್ತಿ ನಿಲ್ಲತಕ್ಕ ಗುರುತು. ಧ್ವಜವು ಸೇನೆಯ ಮುಂದೆ ಚಲಿಸತಕ್ಕ ಗುರುತು. ಒಂದನ್ನು ಹತ್ತಿರದಿಂದ ನೋಡಬೇಕು. ಇನ್ನೊಂದನ್ನು ದೂರದಿಂದ ನೋಡಬೇಕು.

ಧ್ವಜವೆಂದೊಡನೆ ಬಟ್ಟೆಯನ್ನು ಮಾತ್ರ ನೆನೆಯುವುದೂ ಸರಿಯಲ್ಲ. ಬಟ್ಟೆಯು ಪತಾಕೆ, ಧ್ವಜವು ಕಂಬ ಮತ್ತು ಅದರ ತುದಿಯಲ್ಲಿನ ಆಕೃತಿ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಯವನ ರಾಯಭಾರಿ ಹೆಲಿಯೊಡೋರನು ವಿದಿಶೆಯ ಬಳಿಯ ಬೆಸನಗರದಲ್ಲಿ ನಿಲ್ಲಿಸಿದ ಕಲ್ಲಿನ ಕಂಬವು ತನ್ನ ಮೇಲಣ ಶಾಸನದಲ್ಲಿಯೇ ಗರುಡಧ್ವಜವೆಂದು ಕರೆಯಲ್ಪಟ್ಟಿದೆ. ನಮ್ಮ ದೇವಾಲಯಗಳ ಧ್ವಜಸ್ತಂಭವೆಂಬ ಹೆಸರಿನಲ್ಲಿ ಈ ಹಳೆಯ ಅರ್ಥವು ಇಂದಿಗೂ ಉಳಿದಿದೆ. ಪ್ರಶಸ್ತಿಗಳಲ್ಲಿ ಬರುವ ಸುವರ್ಣಗರುಡಧ್ವಜ, ಸುವರ್ಣವೃಷಭಧ್ವಜ ಮೊದಲಾದ ಮಾತುಗಳನ್ನು ಓದುವಾಗ ಈ ಅರ್ಥವನ್ನು ಮನಸ್ಸಿನಲ್ಲಿಡಬೇಕು.

ಧ್ವಜದ ಪ್ರಯೋಜನವನ್ನು ತಿಳಿಯಲು ವಿರಾಟಪರ್ವದ ಉತ್ತರಗೋಗ್ರಹಣಕ್ಕಿಂತ ಉತ್ತಮವಾದ ಉದಾಹರಣೆ ಬೇಕಿಲ್ಲ. ಕೌರವಸೇನೆಯನ್ನು ಎಂದೂ ನೋಡದ ಉತ್ತರನಿಗೆ ಅರ್ಜುನನು ಅತಿರಥರನ್ನು ಪರಿಚಯಿಸುವುದು ಅವರ ಧ್ವಜಗಳಿಂದಲೇ. ಕಮಂಡಲುವಿನ ಧ್ವಜವಿರುವ ರಥ ದ್ರೋಣನದು, ನಾಗಧ್ವಜವಿರುವುದು ದುರ್ಯೋಧನನದು ಎಂದು ಅವನು ತೋರಿಸಿಕೊಡುತ್ತಾನೆ. ಕವಚವನ್ನು ತೊಟ್ಟು ಧೂಳಿನಲ್ಲಿ ಮುಚ್ಚಿಹೋದ ಯೋಧನ ಮುಖವು ಕಾಣಿಸುವುದಿಲ್ಲ. ಅವನ ತಲೆಯ ಮೇಲೆ ಎತ್ತರದಲ್ಲಿರುವ ಧ್ವಜವು ಕಾಣಿಸುತ್ತದೆ. ಧ್ವಜವು ಮುರಿದುಬಿದ್ದರೆ ಸೇನೆಯು ಎದೆಗೆಡುವುದೆಂದು ಯುದ್ಧವರ್ಣನೆಗಳಲ್ಲಿ ಬರುವುದಕ್ಕೂ ಇದೇ ಕಾರಣ.

ಲಾಂಛನದ ಕೆಲಸ ಬೇರೆ. ತಾಮ್ರಶಾಸನದ ಹಲಗೆಗಳಿಗೆ ಒಂದು ರಂಧ್ರವನ್ನು ಮಾಡಿ, ಅವುಗಳಲ್ಲಿ ಬಳೆಯೊಂದನ್ನು ಪೋಣಿಸಿ, ಬಳೆಯ ಎರಡು ತುದಿಗಳನ್ನು ಲೋಹದ ಮುದ್ರೆಯೊಂದರಲ್ಲಿ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಹಲಗೆಯನ್ನು ತೆಗೆಯುವುದಾಗಲಿ ಸೇರಿಸುವುದಾಗಲಿ ಸಾಧ್ಯವಿರುತ್ತಿರಲಿಲ್ಲ. ಆ ಮುದ್ರೆಯ ಮೇಲೆ ಇರುವುದೇ ವಂಶದ ಲಾಂಛನ. ದಾನವನ್ನು ಪಡೆದವನ ಮೊಮ್ಮಕ್ಕಳು ನೂರು ವರ್ಷಗಳ ಅನಂತರ ಬೇರೊಬ್ಬ ಅರಸನ ಅಧಿಕಾರಿಯ ಮುಂದೆ ತಮ್ಮ ಭೂಮಿಯ ಹಕ್ಕನ್ನು ಸ್ಥಾಪಿಸಬೇಕಾದಾಗ, ಅವರ ಕೈಯಲ್ಲಿದ್ದ ಸಾಕ್ಷಿ ಆ ಮುದ್ರೆಯೇ. ನಾಣ್ಯಗಳ ಮೇಲೆಯೂ ಇದೇ ಚಿಹ್ನೆಯು ಬರುತ್ತದೆ. ಗೋವೆಯ ಕದಂಬರ ಚಿನ್ನದ ನಾಣ್ಯಗಳ ಮೇಲೆ ಕಾಣುವುದು ಧ್ವಜದ ವಾನರವಲ್ಲ, ಲಾಂಛನದ ಸಿಂಹ.

೩

ಇನ್ನು ಕೆಲವು ವಂಶಗಳ ಚಿಹ್ನೆಗಳನ್ನು ಕ್ರಮವಾಗಿ ನೋಡಬಹುದು. ತಲಕಾಡಿನ ಗಂಗರ ತಾಮ್ರಶಾಸನಗಳ ಮುದ್ರೆಯಲ್ಲಿ ಆನೆಯಿದೆ. ಅವರ ಧ್ವಜವಾದರೋ ನವಿಲುಗರಿಯ ಪಿಂಛಧ್ವಜ. ಶಿವಮೊಗ್ಗೆಯ ಸೀಮೆಯ ಕಲ್ಲೂರಗುಡ್ಡದಲ್ಲಿರುವ ಹನ್ನೆರಡನೆಯ ಶತಮಾನದ ಶಾಸನವು ಗಂಗರಾಜ್ಯದ ಸ್ಥಾಪನೆಯ ಕಥೆಯನ್ನು ಹೇಳುವಾಗ, ಜೈನಾಚಾರ್ಯ ಸಿಂಹನಂದಿಗಳು ತಮ್ಮ ಪಿಂಛವನ್ನೇ ಧ್ವಜವಾಗಿ ಅನುಗ್ರಹಿಸಿದರೆಂದು ವರ್ಣಿಸುತ್ತದೆ. ಕಥೆಯು ರಾಜ್ಯ ಹುಟ್ಟಿ ಬಹು ಶತಮಾನಗಳಾದ ಮೇಲೆ ಬರೆದುದಾದರೂ, ಧ್ವಜವು ಗುರುವಿನಿಂದ ಬಂದ ಪ್ರಸಾದವೆಂಬ ಭಾವನೆಯು ಅದರಲ್ಲಿ ಸ್ಪಷ್ಟವಾಗಿದೆ.

ಬಾಗಡಗೆಯ ಸಿಂದರ ವಿಷಯದಲ್ಲಿ ಈ ಭೇದವು ಇನ್ನೂ ಸ್ಫುಟವಾಗಿ ಕಾಣುತ್ತದೆ. ಅವರದು ಸರ್ಪಧ್ವಜ, ವ್ಯಾಘ್ರಲಾಂಛನ. ಬಾಗಲಕೋಟೆಯ ಬಳಿಯ ಭೈರನಮಟ್ಟಿಯ ಶಾಸನದಲ್ಲಿ ಈ ವಂಶದ ಮೂಲಕಥೆಯಿದೆ. ನಾಗರಾಜ ಧರಣೇಂದ್ರನಿಂದ ಅಹಿಚ್ಛತ್ರದಲ್ಲಿ ಹುಟ್ಟಿದ ಸಿಂದನೆಂಬ ಮೂಲಪುರುಷನು ಹುಲಿಯ ಹಾಲಿನಿಂದ ಬೆಳೆದನೆಂಬುದು ಅದರ ಸಾರ. ಕಥೆಯನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಅದನ್ನು ಹೇಳಿದವರು ಎರಡು ಚಿಹ್ನೆಗಳಿಗೆ ಎರಡು ಕಾರಣಗಳನ್ನು ಕೊಡಬೇಕಾಯಿತೆಂಬುದನ್ನು ಮರೆಯಬಾರದು. ತಂದೆಯ ಕುಲವು ಧ್ವಜದಲ್ಲಿ, ಸಾಕಿದವಳ ಋಣವು ಲಾಂಛನದಲ್ಲಿ. ಎರಡೂ ಒಂದೇ ವಸ್ತುವಾಗಿದ್ದರೆ ಕಥೆಯಲ್ಲಿ ಹಾವಿನ ಜೊತೆಗೆ ಹುಲಿಯು ಬರುವ ಅಗತ್ಯವೇ ಇರುತ್ತಿರಲಿಲ್ಲ.

ಮೂರನೆಯದು ಗರುಡನ ಉದಾಹರಣೆ. ಇದು ವಿಶೇಷವಾಗಿ ವಿಚಾರಾರ್ಹವಾದುದು. ಸವದತ್ತಿಯ ರಟ್ಟರು, ದೇವಗಿರಿಯ ಸೇವುಣರು, ಕೊಂಕಣ ಕೊಲ್ಲಾಪುರಗಳ ಶಿಲಾಹಾರರು, ಈ ಮೂವರೂ ಸುವರ್ಣಗರುಡಧ್ವಜವನ್ನು ಹೇಳಿಕೊಳ್ಳುತ್ತಾರೆ. ಆದರೆ ಗರುಡನು ಮೂವರಿಗೂ ಒಂದೇ ದಾರಿಯಿಂದ ಬಂದವನಲ್ಲ. ಸೇವುಣರು ಯದುವಂಶದವರಾಗಿ, ದ್ವಾರಾವತೀಪುರವರಾಧೀಶ್ವರರೆನಿಸಿಕೊಂಡು, ವಿಷ್ಣುವಿನ ಸಂಬಂಧದಿಂದ ಗರುಡನನ್ನು ಪಡೆದರು. ಶಿಲಾಹಾರರು ತಾವು ಜೀಮೂತವಾಹನನ ವಂಶದವರೆಂದು ಹೇಳಿಕೊಂಡರು. ನಾಗನೊಬ್ಬನ ಪ್ರಾಣವನ್ನು ಉಳಿಸುವುದಕ್ಕಾಗಿ ಗರುಡನಿಗೆ ತನ್ನ ದೇಹವನ್ನೇ ಒಪ್ಪಿಸಿದ ವಿದ್ಯಾಧರನು ಅವನು. ಅವರ ಪಾಲಿಗೆ ಗರುಡನು ಪೂರ್ವಜನ ತ್ಯಾಗದ ಸಾಕ್ಷಿ.

ರಟ್ಟರ ಗರುಡನು ಮಾನ್ಯಖೇಟದಿಂದ ಬಂದವನು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಕ್ರಿ. ಶ. ೮೬೬ರ ಸಿರೂರು ಮತ್ತು ನೀಲಗುಂದದ ಶಾಸನಗಳಲ್ಲಿ ಆ ಚಕ್ರವರ್ತಿಯು ಲಟ್ಟಲೂರಪುರದ ಒಡೆಯನೆಂದೂ, ಟಿವಿಳಿಯೆಂಬ ಪರೆಯ ಘೋಷವುಳ್ಳವನೆಂದೂ, ಗರುಡಲಾಂಛನನೆಂದೂ ವರ್ಣಿತನಾಗಿದ್ದಾನೆ. ಸವದತ್ತಿಯ ರಟ್ಟರು ಲತ್ತಲೂರ್ಪುರವರಾಧೀಶ್ವರರು, ತ್ರಿವಳೀತೂರ್ಯನಿರ್ಘೋಷಣರು, ಸುವರ್ಣಗರುಡಧ್ವಜರು. ಊರು ಅದೇ, ವಾದ್ಯ ಅದೇ, ಹಕ್ಕಿಯೂ ಅದೇ. ಆದರೆ ಚಕ್ರವರ್ತಿಯಲ್ಲಿ ಲಾಂಛನವಾಗಿದ್ದ ಗರುಡನು ಮಾಂಡಲಿಕರಲ್ಲಿ ಧ್ವಜಕ್ಕೆ ಏರಿದ್ದಾನೆ. ರಟ್ಟರ ಲಾಂಛನವನ್ನು ಅವರ ಶಾಸನಗಳು ಸಿಂಧೂರವೆಂದು ಕರೆಯುತ್ತವೆ. ಸಿಂದೂರವೆಂದರೆ ಕೆಂಪು ಬಣ್ಣ, ಸಿಂಧುರವೆಂದರೆ ಆನೆ. ಇಲ್ಲಿ ಆನೆಯೆಂಬ ಅರ್ಥವನ್ನೇ ವಿದ್ವಾಂಸರು ಗ್ರಹಿಸಿದ್ದಾರೆ. ಪೂರ್ವಜರ ಸಾರ್ವಭೌಮತ್ವದ ನೆನಪನ್ನು ಧ್ವಜದಲ್ಲಿ ಎತ್ತಿಹಿಡಿದು, ತಮ್ಮ ದಾನಪತ್ರಗಳಿಗೆ ಮಾತ್ರ ತಮ್ಮದೇ ಆದ ಬೇರೆ ಚಿಹ್ನೆಯನ್ನು ಇಟ್ಟುಕೊಂಡ ಈ ವ್ಯವಸ್ಥೆಯು ಅರ್ಥಪೂರ್ಣವಾಗಿದೆ. ಧ್ವಜಲಾಂಛನಗಳನ್ನು ಒಂದೇ ಎಂದು ತಿಳಿದವರಿಗೆ ಈ ಅರ್ಥವು ಹೊಳೆಯುವ ಹಾಗಿಲ್ಲ. ಶಿಲಾಹಾರರಂತೆ ಧ್ವಜದಲ್ಲಿಯೂ ಮುದ್ರೆಯಲ್ಲಿಯೂ ಗರುಡನನ್ನೇ ಉಳ್ಳ ವಂಶಗಳೂ ಇವೆಯೆಂಬುದು ನಿಜ. ಆದರೆ ಎರಡು ಸ್ಥಾನಗಳಲ್ಲಿ ಒಂದೇ ಆಕೃತಿಯಿದ್ದ ಮಾತ್ರಕ್ಕೆ ಸ್ಥಾನಗಳು ಒಂದಾಗುವುದಿಲ್ಲ.

ಬಾದಾಮಿಯ ಚಾಲುಕ್ಯರ ಚಿಹ್ನೆಗಳಲ್ಲಿ ವರಾಹಲಾಂಛನವು ಪ್ರಸಿದ್ಧವಾದುದು. ಅದು ಭಗವಾನ್ ನಾರಾಯಣನ ಪ್ರಸಾದದಿಂದ ಲಭಿಸಿತೆಂದೂ, ಅದನ್ನು ಕಂಡ ಕ್ಷಣದಲ್ಲಿಯೇ ಸಮಸ್ತ ರಾಜರೂ ವಶವಾದರೆಂದೂ ಅವರ ಪ್ರಶಸ್ತಿಯು ಹೇಳುತ್ತದೆ. ಚಿನ್ನದ ನಾಣ್ಯಕ್ಕೆ ವರಾಹವೆಂಬ ಹೆಸರು ಬಂದುದು ಈ ಲಾಂಛನದಿಂದಲೇ; ರಾಜ್ಯವು ಅಳಿದು ಸಾವಿರ ವರ್ಷಗಳಾದ ಮೇಲೆಯೂ ವರಾಹವು ಕನ್ನಡಿಗರ ಕೈಯಲ್ಲಿ ಎಣಿಕೆಯಾಗುತ್ತಿತ್ತು. ವಿಜಯನಗರದ ಅರಸರೂ ವರಾಹವನ್ನೇ ಮುದ್ರೆಯಾಗಿ ಧರಿಸಿದರು.

ಆದರೆ ಚಾಲುಕ್ಯರ ಧ್ವಜವೆಂದು ಶಾಸನಗಳು ಎತ್ತಿ ಹೇಳುವುದು ಪಾಳಿಧ್ವಜವನ್ನು. ಕ್ರಿ. ಶ. ೬೮೧ರಿಂದ ೬೯೬ರವರೆಗೆ ಆಳಿದ ವಿನಯಾದಿತ್ಯನು ಉತ್ತರಾಪಥದ ಒಡೆಯನನ್ನು ಮರ್ದಿಸಿ ಪಾಳಿಧ್ವಜವೇ ಮೊದಲಾದ ಪರಮೇಶ್ವರತ್ವದ ಚಿಹ್ನೆಗಳನ್ನು ಸಂಪಾದಿಸಿದನೆಂದು ಅವನ ಮಗ ವಿಜಯಾದಿತ್ಯನ ಕಾಲದ ಶಾಸನಗಳು ಸಾರುತ್ತವೆ. ಪಾಳಿಧ್ವಜವೆಂದರೇನೆಂಬುದನ್ನು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ ಆಧಾರದಿಂದ ಕೆ. ಬಿ. ಪಾಠಕರು ತೋರಿಸಿಕೊಟ್ಟರು. ಅಲ್ಲಿ ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ ಎಂಬ ಹತ್ತು ಬಗೆಯ ಧ್ವಜಗಳು. ಒಂದೊಂದು ಬಗೆಯಲ್ಲಿ ೧೦೮ರಂತೆ ಒಂದು ದಿಕ್ಕಿಗೆ ೧೦೮೦. ನಾಲ್ಕು ದಿಕ್ಕುಗಳಿಗೆ ೪೩೨೦. ಪಾಳಿಯೆಂದರೆ ಸಾಲು, ಸರದಿಯೆಂಬ ಅರ್ಥದಲ್ಲಿ ಈ ಮಾತು ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ. ಹೀಗೆ ಪಾಳಿಧ್ವಜವು ಒಂದು ಬಾವುಟದ ಹೆಸರಲ್ಲ, ಧ್ವಜಗಳ ಶ್ರೇಣಿಯ ಹೆಸರು. ಒಂದೇ ಆಕೃತಿಯ ಮುದ್ರೆಗೆ ಇದನ್ನು ಸಮೀಕರಿಸುವುದು ಅಸಾಧ್ಯವೇ ಸರಿ.

೪

ವಿನಯಾದಿತ್ಯನ ವೃತ್ತಾಂತದಿಂದ ಮತ್ತೊಂದು ಸಂಗತಿಯು ತಿಳಿದುಬರುತ್ತದೆ. ರಾಜಚಿಹ್ನೆಯು ಗೆಲ್ಲತಕ್ಕ ವಸ್ತುವಾಗಿತ್ತು. ಕೊಲ್ಲಾಪುರ ಜಿಲ್ಲೆಯ ನೇಸರಿಯಲ್ಲಿ ದೊರೆತ, ಶಕವರ್ಷ ೭೨೭, ಎಂದರೆ ಕ್ರಿ. ಶ. ೮೦೫ರ ತಾಮ್ರಶಾಸನವು ರಾಷ್ಟ್ರಕೂಟ ಮೂರನೆಯ ಗೋವಿಂದನು ಕಸಿದುಕೊಂಡ ಚಿಹ್ನೆಗಳ ಪಟ್ಟಿಯನ್ನೇ ಕೊಡುತ್ತದೆ. ಪಾಂಡ್ಯನಿಂದ ಮೀನು, ಪಲ್ಲವನಿಂದ ವೃಷಭ, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ಚಾಲುಕ್ಯನಿಂದ ವರಾಹ, ವಂಗದ ಧರ್ಮನಿಂದ ತಾರಾಭಗವತಿ ಎಂದು ಅದು ಎಣಿಸುತ್ತದೆ. ದಿಗ್ವಿಜಯವನ್ನು ಊರುಗಳ ಹೆಸರಿನಿಂದ ಹೇಳದೆ ಚಿಹ್ನೆಗಳಿಂದ ಹೇಳಿದ ಈ ಶಾಸನವು, ಆ ಕಾಲದ ಜನರಿಗೆ ದಕ್ಷಿಣ ದೇಶದ ರಾಜವಂಶಗಳ ಗುರುತುಗಳೆಲ್ಲವೂ ಪರಿಚಿತವಾಗಿದ್ದುವೆಂಬುದಕ್ಕೆ ಪ್ರಮಾಣವಾಗಿದೆ. ಗಂಗರ ಪಿಂಛವನ್ನು ಬಿಟ್ಟು ಮುದ್ರೆಯ ಆನೆಯನ್ನೇ ಪಟ್ಟಿಯಲ್ಲಿ ಹೇಳಿರುವುದೂ ಸಹಜವೇ. ಒಬ್ಬನ ಮುದ್ರೆಯನ್ನು ತೆಗೆದುಕೊಂಡರೆ ಅವನು ಭೂಮಿಯನ್ನು ಕೊಡುವ ಅಧಿಕಾರವನ್ನೇ ತೆಗೆದುಕೊಂಡಂತೆ.

ಚೋಳರು ತಮ್ಮ ತಾಮ್ರಶಾಸನಗಳ ಮುದ್ರೆಯಲ್ಲಿ ಹುಲಿಯ ಬಳಿಯಲ್ಲಿಯೇ ಪಾಂಡ್ಯರ ಮೀನುಗಳನ್ನೂ ಚೇರರ ಬಿಲ್ಲನ್ನೂ ಸೇರಿಸಿ ಅಚ್ಚೊತ್ತಿಸಿದುದು ಇದೇ ಭಾವನೆಯಿಂದ. ಸೋತವನ ಗುರುತನ್ನು ಅಳಿಸುವುದಕ್ಕಿಂತ ತನ್ನ ಗುರುತಿನೊಳಗೆ ಇಟ್ಟುಕೊಳ್ಳುವುದು ಹೆಚ್ಚಿನ ವಿಜಯವೆಂದು ಎಣಿಸಿದಂತೆ ಕಾಣುತ್ತದೆ.

೫

ಯೂರೋಪಿನ ಚಿಹ್ನಪದ್ಧತಿಯನ್ನು ಇದರೊಡನೆ ಹೋಲಿಸಿದರೆ ಸಾಮ್ಯವೂ ಭೇದವೂ ಒಟ್ಟಿಗೆ ತಿಳಿಯುತ್ತವೆ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ, ಶಿರಸ್ತ್ರಾಣದಿಂದ ಮುಖ ಮುಚ್ಚಿದ ಅಶ್ವಾರೋಹಿಗಳ ಗುರಾಣಿಗಳ ಮೇಲೆ ಸ್ಥಿರವಾದ ಚಿತ್ರಗಳು ಬಂದು, ತಂದೆಯಿಂದ ಮಗನಿಗೆ ಇಳಿಯತೊಡಗಿದವು. ಅದೇ ಚಿತ್ರವನ್ನು ಕವಚದ ಮೇಲಣ ಅಂಗಿಯ ಮೇಲೆ ಹೊಲಿಸಿದುದರಿಂದಲೇ ಕೋಟ್ ಆಫ್ ಆರ್ಮ್ಸ್ ಎಂಬ ಹೆಸರು ಹುಟ್ಟಿತು. ಅದನ್ನೇ ಚೌಕದ ಬಟ್ಟೆಯ ಮೇಲೆ ಬರೆದರೆ ಬ್ಯಾನರ್. ಎಂದರೆ ಅಲ್ಲಿ ಗುರಾಣಿ, ಅಂಗಿ, ಮುದ್ರೆ, ಬಾವುಟ ಎಲ್ಲವುಗಳ ಮೇಲೆಯೂ ಇರತಕ್ಕುದು ಒಂದೇ ಚಿತ್ರ, ಒಂದೇ ಬಣ್ಣ. ಕ್ರಿ. ಶ. ೧೩೦೦ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆಯು ಸ್ಕಾಟ್ಲೆಂಡಿನ ಕಾರ್ಲಾವೆರಾಕ್ ಕೋಟೆಗೆ ಮುತ್ತಿಗೆ ಹಾಕಿದಾಗ ನೂರಕ್ಕೂ ಹೆಚ್ಚು ಯೋಧರ ಚಿಹ್ನೆಗಳನ್ನು ಒಂದೊಂದಾಗಿ ವರ್ಣಿಸಿ ಹಳೆಯ ಫ್ರೆಂಚ್ ಭಾಷೆಯಲ್ಲಿ ಒಂದು ಪದ್ಯಗ್ರಂಥವು ರಚಿತವಾಯಿತು. ಅರ್ಜುನನು ಉತ್ತರನಿಗೆ ಮಾಡಿಕೊಟ್ಟ ಪರಿಚಯವನ್ನು ಅದು ನೆನಪಿಗೆ ತರುತ್ತದೆ. ಮೂರನೆಯ ಎಡ್ವರ್ಡನು ೧೩೪೦ರಲ್ಲಿ ತನ್ನ ಸಿಂಹಗಳ ಜೊತೆಗೆ ಫ್ರಾನ್ಸಿನ ನೈದಿಲೆಯಾಕಾರದ ಪುಷ್ಪಗಳನ್ನು ಸೇರಿಸಿಕೊಂಡು ಆ ರಾಜ್ಯದ ಮೇಲಣ ತನ್ನ ಹಕ್ಕನ್ನು ಸಾರಿದುದು ಚೋಳರ ಮುದ್ರೆಗೆ ಸಮೀಪವಾದುದು.

ಭೇದವು ಇರುವುದು ಒಡೆತನದಲ್ಲಿ. ೧೩೮೫ರಲ್ಲಿ ಎರಡನೆಯ ರಿಚರ್ಡನ ಸೇನೆಯಲ್ಲಿ ಸ್ಕ್ರೋಪ್ ಮತ್ತು ಗ್ರೋವ್‌ನರ್ ಎಂಬ ಇಬ್ಬರು ನೀಲಿಯ ಮೇಲೆ ಚಿನ್ನದ ಓರೆಪಟ್ಟಿಯಿರುವ ಒಂದೇ ಚಿಹ್ನೆಯನ್ನು ಧರಿಸಿ ಬಂದರು. ಒಂದೇ ರಾಜ್ಯದಲ್ಲಿ ಇಬ್ಬರು ಒಂದೇ ಚಿಹ್ನೆಯನ್ನು ಧರಿಸಕೂಡದೆಂದು ಮೊಕದ್ದಮೆಯಾಗಿ, ಕವಿ ಚಾಸರನೂ ಸೇರಿ ಬಹುಮಂದಿ ಸಾಕ್ಷಿ ಹೇಳಿ, ೧೩೯೦ರಲ್ಲಿ ಅದು ಸ್ಕ್ರೋಪನ ಪರವಾಗಿ ಮುಗಿಯಿತು. ಕರ್ನಾಟಕದಲ್ಲಾದರೋ ಮೂರು ವಂಶಗಳು ನೆರೆಹೊರೆಯಲ್ಲಿ ಆಳುತ್ತ ಸುವರ್ಣಗರುಡಧ್ವಜವನ್ನು ಹಿಡಿದವು. ಇಲ್ಲಿ ವಂಶವನ್ನು ಗುರುತಿಸುವುದು ಒಂದೇ ಚಿಹ್ನೆಯಲ್ಲ. ಪುರ, ದೇವತೆ, ವಾದ್ಯ, ಧ್ವಜ, ಲಾಂಛನ ಎಂಬ ಐದರ ಸಮುದಾಯ. ಕಾಲಂಜರಪುರ, ಡಮರುಗತೂರ್ಯ, ಸುವರ್ಣವೃಷಭಧ್ವಜ ಎಂಬವು ಒಟ್ಟಿಗೆ ಬಂದರೆ ಅದು ಬಿಜ್ಜಳನ ಕಳಚುರಿವಂಶ. ವೃಷಭವೊಂದನ್ನೇ ಹಿಡಿದು ಹೊರಟರೆ ಪಲ್ಲವರ ಬಾಗಿಲಿಗೆ ಹೋಗಿ ನಿಲ್ಲಬೇಕಾದೀತು.

ಈ ಎರಡು ಪದ್ಧತಿಗಳೂ ಮುಖಾಮುಖಿಯಾದುದು ೧೮೭೭ರಲ್ಲಿ. ವಿಕ್ಟೋರಿಯಾ ರಾಣಿಯು ಭಾರತದ ಚಕ್ರವರ್ತಿನಿಯೆಂದು ಘೋಷಿತಳಾದ ದೆಹಲಿಯ ಮಹಾಸಭೆಯಲ್ಲಿ ಲಿಟ್ಟನ್ ಪ್ರಭುವು ದೇಶೀಯ ಸಂಸ್ಥಾನಾಧಿಪತಿಗಳಿಗೆ ರೇಷ್ಮೆಯ ಬಾವುಟಗಳನ್ನು ಕೊಟ್ಟನು. ಅವುಗಳ ಮೇಲೆ ಪ್ರತಿಯೊಬ್ಬನಿಗೂ ಯೂರೋಪಿನ ಮಾದರಿಯಲ್ಲಿ ರಚಿಸಿದ ಗುರಾಣಿಚಿಹ್ನೆಯಿತ್ತು. ಅವನ್ನು ರಚಿಸಿದವನು ಬಂಗಾಳದ ಸಿವಿಲ್ ಅಧಿಕಾರಿಯಾದ ರಾಬರ್ಟ್ ಟೇಲರ್. ಹೀಗೆ ಬಾವುಟ ಬೇರೆ ಮುದ್ರೆ ಬೇರೆ ಎಂಬ ನಾಡಿನಲ್ಲಿ, ಬಾವುಟದ ಮೇಲೆ ಮುದ್ರೆಯನ್ನೇ ಬರೆಯುವ ಪದ್ಧತಿಯು ರಾಜಮರ್ಯಾದೆಯಾಗಿ ಬಂದಿತು. ಹಿಂದೆ ಧ್ವಜವು ದೇವತೆಯಿಂದ, ಗುರುವಿನಿಂದ, ಪೂರ್ವಜರಿಂದ, ಇಲ್ಲವೆ ಗೆಲುವಿನಿಂದ ಬರುತ್ತಿತ್ತು. ಈಗ ಅದು ಮೇಲಣ ಪ್ರಭುವಿನ ಕೊಡುಗೆಯಾಯಿತು. ಧ್ವಜಲಾಂಛನಗಳು ಒಂದೇ ಎಂಬ ಭಾವನೆಯು ನಮ್ಮಲ್ಲಿ ಗಟ್ಟಿಯಾದುದಕ್ಕೆ ಇಂತಹ ಬಾವುಟಗಳೂ ಬಹುಮಟ್ಟಿಗೆ ಕಾರಣವೆಂದು ಹೇಳಬಹುದು.

ಗಂಡಭೇರುಂಡದ ಚರಿತ್ರೆಯಲ್ಲಿ ಈ ದಾರಿಯನ್ನೆಲ್ಲ ಕಾಣಬಹುದು. ಬಳ್ಳಿಗಾವೆಯಲ್ಲಿ ಕ್ರಿ. ಶ. ೧೦೪೭ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಕಂಬದ ತುದಿಯಲ್ಲಿ ಅದು ಹಳೆಯ ಧ್ವಜಾರ್ಥಕ್ಕೆ ತಕ್ಕಂತೆ ಎತ್ತರದಲ್ಲಿ ನಿಂತಿತು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಅದು ಅಚ್ಚಿನ ಗುರುತಾಯಿತು. ಮೈಸೂರು ಅರಸರಲ್ಲಿ ರಾಜಲಾಂಛನವಾಗಿ, ಎರಡು ಪಕ್ಕಗಳಲ್ಲಿ ಮೃಗಗಳು ಎತ್ತಿಹಿಡಿದ ಯೂರೋಪಿನ ಮಾದರಿಯ ಚೌಕಟ್ಟನ್ನು ಪಡೆಯಿತು. ಇಂದು ಕರ್ನಾಟಕ ರಾಜ್ಯದ ಮುದ್ರೆಯ ನಡುವೆ ಇರುವುದೂ ಅದೇ ಹಕ್ಕಿ.

ಆದುದರಿಂದ ಶಾಸನವನ್ನು ಓದುವವರು ಧ್ವಜವನ್ನು ಧ್ವಜವೆಂದೂ ಲಾಂಛನವನ್ನು ಲಾಂಛನವೆಂದೂ ಬರೆದುಕೊಳ್ಳಬೇಕು. ಮುಕ್ಕಾದ ಕಲ್ಲಿನಲ್ಲಿ ಅರಸನ ಹೆಸರು ಅಳಿದುಹೋಗಿ ಬಿರುದಿನ ಒಂದು ತುಂಡು ಮಾತ್ರ ಉಳಿದಿದ್ದಾಗ, ಸಿಂಹಧ್ವಜವನ್ನು ಹುಡುಕಿ ಕದಂಬರನ್ನು ಕಾಣದೆ ಹೋಗುವ, ಗರುಡನೊಬ್ಬನನ್ನೇ ಕಂಡು ರಟ್ಟರನ್ನು ಸೇವುಣರೆಂದು ಬರೆಯುವ ಪ್ರಮಾದವು ಹೀಗೆ ಮಾಡುವುದರಿಂದ ತಪ್ಪುತ್ತದೆ. ದಾನವನ್ನು ಕೊಟ್ಟವನು ತಾನು ಯಾರೆಂದು ಐದು ಮಾತುಗಳಲ್ಲಿ ಹೇಳಿ ಹೋಗಿದ್ದಾನೆ. ಅವುಗಳಲ್ಲಿ ಎರಡನ್ನು ಒಂದು ಮಾಡಿ ಓದಿದರೆ ಅವನ ಮಾತು ಅಷ್ಟರಮಟ್ಟಿಗೆ ನಷ್ಟವಾದಂತೆಯೇ ಸರಿ.